ಇಪ್ಪತ್ತೇಳರ ಬೀಗದಕೈ

ನನ್ನ ಗಂಡನನ್ನು ನಾನು ಇಪ್ಪತ್ತೇಳು ಎಂದು ಕರೆಯುತ್ತೇನೆ. ಗಂಡನ ಹೆಸರು ಹೇಳಬಾರದೆಂಬ ನಾಚಿಕೆಯೇನೂ ನನಗಿಲ್ಲ, ಹೆಸರು ಹಿಡಿದು ಬೈಯುವುದೂ ಉಂಟು. ಆದರೆ ಮದುವೆಗೆ ಮುಂಚೆ ಎರಡು ವರ್ಷ ಅವರು ನನ್ನ ಪಾಲಿಗೆ ಒಂದು ನಂಬರಾಗಿದ್ದರು. ಪೇಟೆಯ ನಟ್ಟನಡುವಿನ ಹೋಟೆಲೊಂದರಲ್ಲಿ ನಾನು ಟೆಲಿಫೋನ್ ಆಪರೇಟರ್. ಅವರು ತಿಂಗಳಿಗೆ ನಾಲ್ಕು ದಿನ ಬಂದು ಇಪ್ಪತ್ತೇಳನೇ ರೂಮಿನಲ್ಲಿ ಇಳಿದುಕೊಳ್ಳುತ್ತಿದ್ದ ಗುಂಡಿ ಏಜೆಂಟು. ಗುಂಡಿ ಎಂದರೆ ಅಂಗಿಯ ಗುಂಡಿ, ಬೇರೇನೂ ಊಹಿಸಿಕೊಳ್ಳಬೇಡಿ. ಲೈನಿನಲ್ಲಿ ಅತಿಥಿಗಳ ಹೆಸರು ಹೇಳುವಂತಿರಲಿಲ್ಲ. "ಇಪ್ಪತ್ತೇಳಕ್ಕೆ ಕಾಲ್ ಇದೆ", "ಇಪ್ಪತ್ತೇಳು ಎಂಗೇಜ್ ಇದೆ", ಅಷ್ಟೇ. ಬಾಯಿಗೆ ಹತ್ತಿದ್ದು ಹೋಗಲಿಲ್ಲ. ಅವರು ನನ್ನನ್ನು 'ಎಕ್ಸ್‌ಚೇಂಜು' ಎನ್ನುತ್ತಾರೆ, ಅದೂ ಸಿಟ್ಟಿಲ್ಲದಾಗ.

ಈ ಸಲ ನಮ್ಮ ಮಗಳು ನಮ್ಮಿಬ್ಬರಿಗೂ ಹೇಳದೆ ಕೇಳದೆ ಅದೇ ಹೋಟೆಲಿನಲ್ಲಿ ಎರಡು ದಿನಕ್ಕೆ ರೂಮು ಕಾದಿರಿಸಿಬಿಟ್ಟಳು. "ಎಲ್ಲಾ ರಿಪೇರಿ ಮಾಡಿ ಹೊಸದು ಮಾಡಿದ್ದಾರಂತೆ ಅಮ್ಮ. ಹೋಗಿ, ಪೇಟೆ ಸುತ್ತಿ, ಚೆನ್ನಾಗಿ ನಿದ್ದೆ ಮಾಡಿ ಬನ್ನಿ" ಎಂದಳು. ನನ್ನ ಗಂಡ ಕುಣಿದಾಡಿದರು. ನಾನು ಮಾತ್ರ ಬಟ್ಟೆ ಮಡಚುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತೆ. ಪ್ರಪಂಚದಲ್ಲಿ ಇಷ್ಟು ಹೋಟೆಲುಗಳಿರುವಾಗ ಇವಳಿಗೆ ಅದೇ ಯಾಕೆ ಬೇಕಿತ್ತು ಅನ್ನಿಸಿತು.

ಅದರ ಹಿಂದಿನ ವಾರವೇ ಇನ್ನೊಂದು ಸುದ್ದಿ ಬಂದಿತ್ತು. ನನ್ನ ಗಂಡನಿಗೆ ಒಬ್ಬಳು ಅಕ್ಕ ಇದ್ದಾಳೆ. ತಾಯಿ ತೀರಿಕೊಂಡಾಗ ಇವರಿಗೆ ಆರು ವರ್ಷ, ಅವಳಿಗೆ ಇಪ್ಪತ್ತೊಂದು. ಎತ್ತಿ ಆಡಿಸಿ, ಓದಿಸಿ, ತನ್ನ ಮದುವೆಯಾದ ಮೇಲೂ ಗಂಡನ ಮನೆಗೆ ಕರೆದುಕೊಂಡು ಹೋಗಿ ಸಾಕಿದವಳು. ಆ ಅಕ್ಕನಿಗೂ ತಮ್ಮನಿಗೂ ಮೂವತ್ತಾರು ವರ್ಷಗಳಿಂದ ಮಾತಿಲ್ಲ. ಅವಳ ಮಗ ಮಾತ್ರ ವರ್ಷಕ್ಕೆ ಒಂದೆರಡು ಸಲ ಗುಟ್ಟಾಗಿ ನನಗೆ ಫೋನ್ ಮಾಡುತ್ತಾನೆ. ಅವನೇ ಹೇಳಿದ್ದು: "ಅತ್ತೆ, ಸೋಮವಾರ ಅಮ್ಮನಿಗೆ ಹಾರ್ಟ್ ಆಪರೇಷನ್. ಡಾಕ್ಟರು ಈ ವಯಸ್ಸಿಗೆ ಏನೂ ಹೇಳೋಕಾಗಲ್ಲ ಅಂತಾರೆ. ಅಮ್ಮ ಬಾಯಿಬಿಟ್ಟು ಕೇಳಲ್ಲ. ಆದ್ರೆ ಗೇಟ್ ಸದ್ದಾದ್ರೆ ಸಾಕು, ಎದ್ದು ಕೂರ್ತಾಳೆ. ಮಾವನ್ನ ಒಂದ್ಸಲ ಕಳಿಸ್ತೀರಾ?"

ನಾನು ಹೇಳಿದೆ. ಇಪ್ಪತ್ತೇಳು ಪೇಪರಿನಿಂದ ತಲೆ ಎತ್ತಲಿಲ್ಲ. "ಆವತ್ತು ಎರಡು ಗಂಟೆ ಕಾದೆ. ಒಂದು ಫೋನ್ ಮಾಡೋಕೆ ಅವಳ ಕೈಲಿ ಆಗ್ಲಿಲ್ಲ. ಈಗ ನಾನ್ಯಾಕೆ ಹೋಗ್ಲಿ?" ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಭಾವ ತೀರಿಕೊಂಡಾಗ ಅಕ್ಕನ ಬೀದಿಯ ಮೂಲೆಯವರೆಗೆ ಹೋಗಿ, ಅಲ್ಲಿಂದ ವಾಪಸ್ ಬಂದವರು. ಬಂದು ಮೂರು ದಿನ ಊಟ ಸೇರದೆ ಒದ್ದಾಡಿದರು, ಅದು ಬೇರೆ ಮಾತು.

ಹಾಗಾಗಿ ಹೋಟೆಲಿಗೆ ಹೊರಡುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ. ಅಕ್ಕನ ಊರು ಆ ಪೇಟೆಯಿಂದ ಬಸ್ಸಿನಲ್ಲಿ ಎರಡು ಗಂಟೆ. ಇವತ್ತು ಶುಕ್ರವಾರ. ಸೋಮವಾರದೊಳಗೆ ನಾನು ಬಾಯಿ ಬಿಡಬೇಕು.

ಹೋಟೆಲಿನ ಹೊರಗೋಡೆ ಹಾಗೇ ಇತ್ತು, ಒಳಗೆ ಎಲ್ಲಾ ಬದಲಾಗಿತ್ತು. ಮರದ ದೊಡ್ಡ ಕೌಂಟರ್ ಹೋಗಿ ಗಾಜಿನ ಮೇಜು ಬಂದಿತ್ತು. ಅದರ ಹಿಂದೆ ನಮ್ಮ ಮಗಳಿಗಿಂತ ಚಿಕ್ಕ ಹುಡುಗಿಯೊಬ್ಬಳು ನಿಂತಿದ್ದಳು. ನನ್ನ ಗಂಡ ಗುರುತಿನ ಚೀಟಿ ಕೊಡುವ ಮೊದಲೇ, "ನಮಗೆ ಇಪ್ಪತ್ತೇಳೇ ಬೇಕು" ಎಂದರು.

"ನಮ್ಮಲ್ಲಿ ಎಲ್ಲಾ ಮೂರಂಕಿ ಸರ್, ಇಪ್ಪತ್ತೇಳು ಅಂತ ಇಲ್ಲ."

"ಇಲ್ದೆ ಎಲ್ಲಿಗೆ ಹೋಗುತ್ತಮ್ಮ? ಗೋಡೆ ಹಾಕಿ ಮುಚ್ಚಿದ್ದೀರಾ? ಎರಡನೇ ಮಹಡಿ, ಮೆಟ್ಟಿಲು ಹತ್ತಿ ಎಡಕ್ಕೆ ಮೂರನೇ ಬಾಗಿಲು. ಕಿಟಕಿ ತೆಗೆದ್ರೆ ಎದುರಿಗೆ ಗಡಿಯಾರದ ಅಂಗಡಿ ಕಾಣ್ಬೇಕು."

ಹುಡುಗಿ ಒಳ್ಳೆಯವಳು. ನಕ್ಕು, ಕಂಪ್ಯೂಟರ್ ನೋಡಿ, ಯಾರಿಗೋ ಫೋನ್ ಮಾಡಿ, "ಈಗ ಗಡಿಯಾರದ ಅಂಗಡಿ ಇಲ್ಲ ಸರ್, ಮೊಬೈಲ್ ಅಂಗಡಿ ಇದೆ. ಇನ್ನೂರ ಐದು ಇರಬಹುದು" ಎಂದಳು. ಅಷ್ಟು ಸಾಕಾಯಿತು ನಮ್ಮವರಿಗೆ. ಮೊಣಕೈ ಊರಿ ಕಥೆ ಶುರುಮಾಡಿದರು. ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ದೇವರಿಗೇ ಗೊತ್ತು. ನೆಂಟರಿಗೆ, ರೈಲಿನಲ್ಲಿ ಎದುರು ಕೂತವರಿಗೆ, ಹಲ್ಲು ಕೀಳುವ ಡಾಕ್ಟರಿಗೆ, ಮಗಳ ಗಂಡನ ಕಡೆಯವರಿಗೆ, ಯಾರು ಸಿಕ್ಕರೂ ಇವರಿಗೆ ಇದೇ ಕಥೆ.

"ನನ್ನ ಅಕ್ಕನಿಗೂ ನನಗೂ ಜಗಳ ಆಗಿತ್ತಮ್ಮ. ಭಾವನ ಅಂಗಡೀಲಿ ಕೂರೋದು ಬಿಟ್ಟು, ಕಾಲಿಗೆ ಚಕ್ರ ಕಟ್ಕೊಂಡು ಊರೂರು ಅಲೆಯೋ ಕೆಲಸಕ್ಕೆ ಸೇರ್ಕೊಂಡೆ ಅಂತ. ಹೊಸಿಲು ತುಳೀಬೇಡ ಅಂದ್ಲು. ನಾನೂ ಬಿಸಿರಕ್ತ. ಒಂದು ಕಾಗದ ಬರೆದೆ. ಗುರುವಾರ ಐದರಿಂದ ಏಳರ ತನಕ ಈ ಹೋಟೆಲಲ್ಲಿ, ಇಪ್ಪತ್ತೇಳನೇ ರೂಮಲ್ಲಿ ಇರ್ತೀನಿ. ನಾನು ಇನ್ನೂ ನಿನ್ನ ತಮ್ಮ ಅನ್ನೋದಾದ್ರೆ ಒಂದು ಫೋನ್ ಮಾಡು, ಇಲ್ಲಾಂದ್ರೆ ನನಗೆ ಅರ್ಥ ಆಗುತ್ತೆ ಅಂತ. ಮಂಚದ ಮೇಲೆ ಫೋನ್ ಇಟ್ಕೊಂಡು ಕೂತೆ. ಬರ್ಲಿಲ್ಲ. ಏಳು ಗಂಟೆಗೆ ಕೆಳಗೆ ಬಂದು, ಆಪರೇಟರ್ ಕಿಟಕೀಲಿ ಕೇಳಿದೆ, ಇಪ್ಪತ್ತೇಳಕ್ಕೆ ಫೋನ್ ಏನಾದ್ರೂ ಬಂತಾ ಅಂತ. ಈ ಮಹಾರಾಯ್ತಿ ತಲೆ ಎತ್ತಿ ನೋಡಿದ್ಲು. ಮುಖ ಕೆಂಪಾಯ್ತು. ಇಲ್ಲ ಸರ್ ಅಂದ್ಲು. ನನ್ನ ಮುಖ ನೋಡಿ ಒಂದು ಲೋಟ ನೀರು ಕೊಟ್ಲು. ಕೊಡೋವಾಗ ಕೈ ನಡುಗ್ತಾ ಇತ್ತು, ಅರ್ಧ ನೀರು ನನ್ನ ಅಂಗಿ ಮೇಲೆ! ಆವಾಗ್ಲೇ ಗೊತ್ತಾಯ್ತು ನನಗೆ, ಹುಡುಗಿ ಹಳ್ಳಕ್ಕೆ ಬಿದ್ಲು ಅಂತ. ಅಕ್ಕನ ಫೋನ್ ಬಂದಿದ್ರೆ ನಾನ್ಯಾಕೆ ಕೆಳಗೆ ಬರ್ತಿದ್ದೆ? ಇವಳೆಲ್ಲಿ ಸಿಗ್ತಿದ್ಲು?"

"ಅಯ್ಯೋ, ಎಷ್ಟು ಚೆನ್ನಾಗಿದೆ ಸರ್" ಎಂದಳು ಹುಡುಗಿ. ಎಲ್ಲರೂ ಹಾಗೇ ಅನ್ನುತ್ತಾರೆ. ನಾನು ಮಾಮೂಲಿನಂತೆ ನಕ್ಕೆ.

ಇನ್ನೂರ ಐದು ಅದೇ ರೂಮು. ಹಳೆಯ ಕಬ್ಬಿಣದ ಮಂಚ, ಕನ್ನಡಿಯ ಬೀರು, ತೊಟ್ಟಿಕ್ಕುವ ನಲ್ಲಿ ಒಂದೂ ಇರಲಿಲ್ಲ. ಬೆಳ್ಳಗೆ ಮೆತ್ತಗೆ ಎಲ್ಲಾ ಹೊಸದು. ಕಿಟಕಿಯ ಕೆಳಗಿನ ಅಗಲವಾದ ಕಲ್ಲಿನ ಕಟ್ಟೆಯೊಂದೇ ಉಳಿದುಕೊಂಡಿತ್ತು. ಇಪ್ಪತ್ತೇಳು ಅದರ ಮೇಲೆ ಅಂಗೈ ಆಡಿಸಿ, "ಇಲ್ಲೇ ನೋಡು ನನ್ನ ಗುಂಡಿ ಕಾರ್ಡುಗಳನ್ನ ಹರಡ್ತಿದ್ದೆ. ಬೆಳಕು ಬೀಳ್ತಿತ್ತು. ಚಿಪ್ಪಿನ ಗುಂಡಿ ಒಂದು ಕಡೆ, ಮರದ್ದು ಒಂದು ಕಡೆ, ಕೋಟಿನದು ಕೊನೇಲಿ" ಎಂದರು. ಅರವತ್ತಮೂರು ವರ್ಷದ ಮುಖದಲ್ಲಿ ಇಪ್ಪತ್ತೇಳು ವರ್ಷದವನ ಸಂಭ್ರಮ. ಆ ಕ್ಷಣ ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಹೇಳಬೇಕೆಂದುಕೊಂಡ ಮಾತು ಬಿಟ್ಟು, ಸ್ನಾನಕ್ಕೆ ಟವೆಲು ತೆಗೆದುಕೊಟ್ಟೆ.

ಅವರು ಸ್ನಾನಕ್ಕೆ ಹೋದಾಗ ನಾನು ಕೆಳಗಿಳಿದು ನನ್ನ ಹಳೆಯ ಕೋಣೆಯನ್ನು ಹುಡುಕಿದೆ. ಕೌಂಟರಿನ ಬಲಕ್ಕೆ, ಮೆಟ್ಟಿಲ ಕೆಳಗೆ ಇತ್ತದು. ಈಗ ಅಲ್ಲಿ ಇಸ್ತ್ರಿ ಮಾಡುವ ಹೆಂಗಸೊಬ್ಬಳು ದಿಂಬಿನ ಚೀಲಗಳ ಗುಡ್ಡೆಯ ಮುಂದೆ ನಿಂತಿದ್ದಳು. "ನಾನು ಇಲ್ಲಿ ಕೆಲಸ ಮಾಡ್ತಿದ್ದೆ" ಎಂದೆ. "ಇಸ್ತ್ರಿನಾ?" ಎಂದಳು. "ಫೋನು" ಎಂದೆ. ಇಸ್ತ್ರಿ ಕೋಣೆಯಲ್ಲಿ ಫೋನಿನ ಕೆಲಸ ಏನಿತ್ತೋ ಎಂಬಂತೆ ನೋಡಿ, ಒಂದು ಸ್ಟೂಲು ನನ್ನ ಕಡೆ ತಳ್ಳಿದಳು. ಕುಳಿತೆ.

ಅಲ್ಲಿ, ಅವಳ ಇಸ್ತ್ರಿ ಮೇಜು ಇದ್ದಲ್ಲಿ, ನನ್ನ ಬೋರ್ಡಿತ್ತು. ಅರವತ್ತು ರೂಮಿಗೆ ಅರವತ್ತು ತೂತು, ಪ್ರತಿ ತೂತಿನ ಮೇಲೆ ಒಂದು ಪುಟ್ಟ ತಗಡಿನ ರೆಪ್ಪೆ. ರೂಮಿನವರು ಫೋನ್ ಎತ್ತಿದರೆ ರೆಪ್ಪೆ ಟಕ್ಕನೆ ಬೀಳುತ್ತಿತ್ತು. ಎತ್ತಿ ಸಿಕ್ಕಿಸಲು ಹತ್ತೇ ಹತ್ತು ಬಳ್ಳಿಗಳು, ಅಂದರೆ ವೈರುಗಳು. ಬೆಳಿಗ್ಗೆ ಎಬ್ಬಿಸುವ ಕರೆಗಳು, ಹತ್ತು ಗಂಟೆಗೆ ವ್ಯಾಪಾರದವು, ಸಂಜೆ ಐದಾದರೆ ಹೊರಗಿನಿಂದ ಮನೆಯವರು ಮಾಡುವವು. ಆ ಹೊತ್ತಿಗೆ ಕೈ ಎರಡು ಸಾಲುತ್ತಿರಲಿಲ್ಲ. ಎಂಥ ಕೋಪಿಷ್ಠರನ್ನೂ ಒಂದು "ನಮಸ್ಕಾರ"ದಲ್ಲಿ ತಣ್ಣಗೆ ಮಾಡುತ್ತಿದ್ದೆ. ಇವತ್ತಿಗೂ ನನಗೆ ಅಂಥ ಕೆಲಸ ಇನ್ನೊಂದು ಗೊತ್ತಿಲ್ಲ. ಬಿಟ್ಟ ದಿನ ಅತ್ತೆ, ಆ ಬೋರ್ಡು ತೆಗೆದರು ಎಂದು ಕೇಳಿದ ದಿನವೂ ಅತ್ತೆ.

ಕೋಣೆಯಿಂದ ಕೌಂಟರಿಗೆ ಒಂದು ಚಿಕ್ಕ ಕಿಟಕಿ ಇತ್ತು. ಅದರಲ್ಲಿ ನೋಡಿದರೆ ಬೀಗದಕೈಗಳ ಹಲಗೆ ಕಾಣುತ್ತಿತ್ತು. ಅತಿಥಿಗಳು ಹೊರಗೆ ಹೋಗುವಾಗ ಬೀಗದಕೈ ಕೊಟ್ಟು ಹೋಗಬೇಕು, ಬಂದಾಗ ಕೇಳಿ ಪಡೆಯಬೇಕು. ಕೊಕ್ಕೆಯಲ್ಲಿ ಬೀಗದಕೈ ಇದ್ದರೆ ರೂಮಿನಲ್ಲಿ ಆಸಾಮಿ ಇಲ್ಲ. ನಮ್ಮ ದೊಡ್ಡ ಮೇಡಂ, ಅಂದರೆ ಹಿರಿಯ ಆಪರೇಟರ್, ಸೇರಿದ ದಿನವೇ ಕಲಿಸಿದ್ದು ಅದು: "ಮೊದಲು ಕೊಕ್ಕೆ ನೋಡು, ಆಮೇಲೆ ಗಂಟೆ ಬಾರಿಸು. ಖಾಲಿ ರೂಮಿಗೆ ರಿಂಗ್ ಕೊಟ್ಟು ಬಳ್ಳಿ ಹಿಡ್ಕೊಂಡು ಕೂತ್ರೆ ಉಳಿದವರು ಬಾಯಿಗೆ ಬಂದಂಗೆ ಬೈತಾರೆ." ನಾನು ಸೇರಿ ಮೂರು ತಿಂಗಳೂ ಆಗಿರಲಿಲ್ಲ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹಿಂದಿನ ವಾರವಷ್ಟೇ ಒಂದು ತಪ್ಪು ಕನೆಕ್ಷನ್ ಕೊಟ್ಟಿದ್ದಕ್ಕೆ ನನ್ನ ಜೊತೆಯವಳನ್ನು ಮನೆಗೆ ಕಳಿಸಿದ್ದರು.

ಆ ಗುರುವಾರ ಐದು ನಲವತ್ತಕ್ಕೆ ಫೋನ್ ಬಂತು. ಬಂದಿತ್ತು.

"ಇಪ್ಪತ್ತೇಳನೇ ರೂಮಿಗೆ ಕೊಡಮ್ಮ" ಎಂದಿತು ಒಂದು ಹೆಣ್ಣುದನಿ. ಕಿಟಕಿಯಲ್ಲಿ ನೋಡಿದೆ. ಇಪ್ಪತ್ತೇಳರ ಬೀಗದಕೈ ಕೊಕ್ಕೆಯಲ್ಲಿ ನೇತಾಡುತ್ತಿತ್ತು. "ಹೊರಗೆ ಹೋಗಿದ್ದಾರಮ್ಮ" ಎಂದೆ, ರಿಂಗ್ ಕೊಡದೆ. "ಹೊರಗಾ? ಇರ್ತೀನಿ ಅಂದಿದ್ದ." "ಇಲ್ಲಮ್ಮ, ಕೀ ಇಲ್ಲೇ ಇದೆ." ಆಮೇಲೆ ಆ ದನಿ ಇನ್ನೊಂದು ಮಾತು ಕೇಳಿತು. ಅದಕ್ಕೆ ನಾನು ನಿಯಮದ ಪ್ರಕಾರ ಉತ್ತರ ಕೊಟ್ಟೆ. "ಸರಿ ಬಿಡಮ್ಮ" ಎಂದು ಇಟ್ಟುಬಿಟ್ಟಳು. ಬೇರೆ ಐದು ರೆಪ್ಪೆ ಬಿದ್ದಿದ್ದವು, ನಾನು ಮರೆತೆ.

ಏಳಕ್ಕೆ ಇವರು ಕಿಟಕಿಗೆ ಬಂದರು. "ನಾಲ್ಕೂವರೆಯಿಂದ ಕದಲದೆ ಕೂತಿದ್ದೀನಿ, ಫೋನ್ ಬಂತಾ?" ಎಂದರು. ಕೊಕ್ಕೆ ನೋಡಿದೆ, ಬೀಗದಕೈ ಅಲ್ಲೇ ಇತ್ತು. ಆಮೇಲೆ ಗೊತ್ತಾಯಿತು. ಇವರು ವಾಪಸ್ ಬಂದಾಗ ಕಸ ಗುಡಿಸುವವಳು ತನ್ನ ಹತ್ತಿರವಿದ್ದ ಇನ್ನೊಂದು ಬೀಗದಕೈಯಿಂದ ರೂಮು ತೆಗೆದಿದ್ದಳಂತೆ. ಬಾಗಿಲು ತೆಗೆದಿದೆಯೆಂದು ಇವರು ಬೀಗದಕೈ ಕೇಳದೆ ಸೀದಾ ಹತ್ತಿಹೋಗಿದ್ದರು. ಕೌಂಟರಿನಲ್ಲಿ ದೊಡ್ಡ ಮೇಡಂ ನಿಂತಿದ್ದರು, ಅವರ ಕಿವಿ ನಮ್ಮ ಕಡೆಗೇ ಇತ್ತು. "ಇಲ್ಲ ಸರ್, ಯಾವ ಫೋನೂ ಬಂದಿಲ್ಲ" ಎಂದೆ.

ಆ ನೀರಿನ ಲೋಟ ನಡುಗಿದ್ದು ಅದಕ್ಕೆ. ಹುಡುಗಿ ಹಳ್ಳಕ್ಕೆ ಬಿದ್ದದ್ದಲ್ಲ, ಹುಡುಗಿ ಸುಳ್ಳು ಹೇಳಿದ್ದಳು.

ಆಮೇಲೆ ಪ್ರತಿ ತಿಂಗಳು ಅವರು ಬಂದಾಗ, ಪಾಪಪ್ರಜ್ಞೆಯಿಂದ ನಾನು ಎರಡು ಮಾತು ಹೆಚ್ಚೇ ಆಡಿದೆ. ಮೆತ್ತಗೆ ಮಾತನಾಡಿ ಮಾತನಾಡಿ ಪ್ರೀತಿ ಯಾವಾಗ ಒಳಗೆ ಬಂತೋ ನನಗೇ ತಿಳಿಯಲಿಲ್ಲ. ಮದುವೆಗೆ ಮುಂಚೆ ಹೇಳೋಣವೆಂದುಕೊಂಡೆ, ಬಿಟ್ಟುಹೋದರೆ ಎಂಬ ಭಯ. ಮದುವೆಯಾದ ಮೇಲೆ ಹೇಳೋಣವೆಂದುಕೊಂಡೆ, ಅಷ್ಟರಲ್ಲಿ ಅವರು ಅದನ್ನು ನಮ್ಮ ಕಥೆ ಮಾಡಿಕೊಂಡಿದ್ದರು. ಮಗಳು ಹುಟ್ಟಿದಳು, ಮಗಳಿಗೂ ಅದೇ ಕಥೆ ಹೇಳಿ ಮಲಗಿಸಿದರು. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ ಅಂತಾರಲ್ಲ, ಅದನ್ನು ಮೂವತ್ತಾರು ವರ್ಷ ಬಾಯಲ್ಲಿಟ್ಟುಕೊಂಡು ಬದುಕಿದ್ದೇನೆ.

"ಅಮ್ಮ, ಸ್ಟೂಲು ಬೇಕಿತ್ತು" ಎಂದಳು ಇಸ್ತ್ರಿಯವಳು. ಎದ್ದೆ.

ಮಧ್ಯಾಹ್ನವೆಲ್ಲಾ ಇಪ್ಪತ್ತೇಳು ನನ್ನನ್ನು ಪೇಟೆಯಲ್ಲಿ ಸುತ್ತಿಸಿದರು. ದರ್ಜಿಗಳ ಬೀದಿಯಲ್ಲಿ ಈಗ ದರ್ಜಿಗಳಿಲ್ಲ, ಸಿದ್ಧ ಉಡುಪಿನ ಅಂಗಡಿಗಳು. ಒಂದೇ ಒಂದು ಹಳೆಯ ಹೊಲಿಗೆ ಅಂಗಡಿ ಉಳಿದಿತ್ತು. ಒಳಗಿದ್ದ ಮುದುಕ ಇವರನ್ನು ಕಣ್ಣು ಕಿರಿದು ಮಾಡಿ ನೋಡಿ, "ಗುಂಡಿ!" ಎಂದು ಕೂಗಿದ. ಇಬ್ಬರೂ ಅಪ್ಪಿಕೊಂಡರು. ಎಷ್ಟೋ ವರ್ಷದ ಹಿಂದೆ ಇವರು ಕೊಟ್ಟ ನೀಲಿ ಕೋಟಿನ ಗುಂಡಿಗಳ ಬಗ್ಗೆ ಮುದುಕ ಈಗಲೂ ತಕರಾರು ತೆಗೆದ, ಇವರು ಈಗಲೂ ಸಮರ್ಥಿಸಿಕೊಂಡರು. ಹೊರಗೆ ಬಂದು ಫುಟ್‌ಪಾತಿನ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುವಾಗ, "ಅಕ್ಕ ಬೈದ್ಲು, ಅಲೆಮಾರಿ ಕೆಲಸ ಅಂತ. ನೋಡು, ಈ ಕೆಲಸದಲ್ಲಿ ಎಷ್ಟು ಜನ ಸಿಕ್ಕಿದ್ರು ನನಗೆ" ಎಂದರು. ಮೂವತ್ತಾರು ವರ್ಷದಿಂದ ಅವಳ ಜೊತೆ ಮಾತಿಲ್ಲ, ಆದರೆ ವಾದ ಮಾತ್ರ ಇನ್ನೂ ಅವಳ ಜೊತೆಗೇ. ನಾನು ಕಾಫಿ ಲೋಟಗಳನ್ನು ವಾಪಸ್ ಕೊಟ್ಟು ಬಂದೆ. ಅಂದೂ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ರೂಮಿಗೆ ಬಂದಾಗ ಸೋದರಳಿಯನ ಫೋನ್ ಬಂತು. ಅವತ್ತು ನೇರವಾಗಿ ಇವರಿಗೇ ಮಾಡಿದ್ದ. ಇವರು ಕಿಟಕಿಯ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡರು. "ನಿಮ್ಮಮ್ಮನಿಗೆ ಒಳ್ಳೇದಾಗ್ಲಿ ಕಣಪ್ಪ. ಆದ್ರೆ ನಾನು ಬರಲ್ಲ. ಯಾಕೆ ಅಂತ ಅವಳಿಗೆ ಗೊತ್ತು" ಎಂದು ಇಟ್ಟರು. ಇಟ್ಟ ಕೈ ಮಂಡಿಯ ಮೇಲೆ ಸುಮ್ಮನೆ ಬಿದ್ದಿತ್ತು. ಕಣ್ಣು ತುಂಬಿತ್ತು, ಪುಣ್ಯಾತ್ಮ ಅದನ್ನು ಬಿಸಿಲಿನ ಮೇಲೆ ಹಾಕಿ ಪರದೆ ಎಳೆದರು.

ಇನ್ನು ತಡೆಯಲಾಗಲಿಲ್ಲ. "ಅವರಿಗೆ ಗೊತ್ತಿಲ್ಲ" ಎಂದೆ. "ನಿಮ್ಮ ಅಕ್ಕ ಆವತ್ತು ಫೋನ್ ಮಾಡಿದ್ರು."

"ಯಾವತ್ತು?"

"ಆವತ್ತು. ನಾನೇ ತಗೊಂಡೆ. ಕೀ ಕೊಕ್ಕೇಲಿತ್ತು. ನೀವು ಹೊರಗೆ ಹೋಗಿದ್ದೀರಿ ಅಂತ ರಿಂಗ್ ಕೊಡ್ಲಿಲ್ಲ. ನೀವು ಕೆಳಗೆ ಬಂದು ಕೇಳ್ದಾಗ ಕೆಲಸ ಹೋಗುತ್ತೆ ಅಂತ ಹೆದರಿ, ಬಂದಿಲ್ಲ ಅಂದೆ."

ಅರಚುತ್ತಾರೆ ಎಂದುಕೊಂಡಿದ್ದೆ. ಅರಚಲಿಲ್ಲ.

"ಎಷ್ಟು ಗಂಟೆಗೆ?"

"ಐದು ನಲವತ್ತಕ್ಕೆ."

"ನಾನು ಇಲ್ಲೇ ಕೂತಿದ್ದೆ."

"ಹೌದು."

"ಏನಂದ್ಲು?"

ಆಪರೇಟರಿಗೆ ಮುಖ ಮರೆಯಬಹುದು, ಮಾತು ಮರೆಯುವುದಿಲ್ಲ. ಹೇಳಿದೆ. ಇಪ್ಪತ್ತೇಳಕ್ಕೆ ಕೊಡಮ್ಮ ಅಂದದ್ದು, ಇರ್ತೀನಿ ಅಂದಿದ್ದ ಅಂದದ್ದು. ಅಲ್ಲಿಗೆ ನಿಲ್ಲಿಸಿದೆ. "ಅಷ್ಟೇನಾ?" ಎಂದರು. ಅಷ್ಟೇ ಅಲ್ಲ. "ಆಮೇಲೆ ಕೇಳಿದ್ರು: ನೀನು ದಿನಾ ನೋಡ್ತೀಯಲ್ಲಮ್ಮ ಅವನನ್ನ, ಹೊತ್ತಿಗೆ ಸರಿಯಾಗಿ ಉಣ್ತಾನಾ? ಮೊದಲೇ ಸಣಕಲ, ತೀರಾ ಇಳಿದುಹೋಗಿದ್ದಾನಾ?"

"ನೀನೇನಂದೆ?"

"ಅತಿಥಿಗಳ ವಿಷಯ ನಾವು ಹೇಳೋ ಹಾಗಿಲ್ಲಮ್ಮ ಅಂದೆ."

"ಅದನ್ನ ಇನ್ನೊಂದ್ಸಲ ಹೇಳು. ಅವಳಂದಿದ್ದನ್ನ." ಹೇಳಿದೆ. ಅವರ ಮುಖ ನೋಡಲಾಗಲಿಲ್ಲ. ಎಂಟು ತಿಂಗಳ ಮಗುವಿನ ಮುಖ ಹೇಗೆ ಅಳುವ ಮುಂಚೆ ಮುದುಡುತ್ತದೋ ಹಾಗೆ ಮುದುಡಿತ್ತು.

"ಲೋಟ ಕೊಡೋವಾಗ ನಿನ್ನ ಕೈ ನಡುಗಿದ್ದು ಅದಕ್ಕಾ?" ಎಂದರು ಕೊನೆಗೆ.

ಸುಳ್ಳು ಹೇಳಬಹುದಿತ್ತು. "ಆವತ್ತು ಅದಕ್ಕೇ" ಎಂದೆ. "ಆಮೇಲಿನದೆಲ್ಲಾ ನಿಜ."

"ಮೂವತ್ತಾರು ವರ್ಷ ನನ್ನ ಬಾಯಲ್ಲಿ ಆ ಕಥೆ ಹೇಳಿಸಿದೆ. ಪಕ್ಕದಲ್ಲಿ ನಗ್ತಾ ನಿಂತಿರ್ತಿದ್ದೆ. ನಿನ್ನೆನೂ."

ಅವರು ಚಪ್ಪಲಿ ಮೆಟ್ಟಿ, ಜೇಬು ಮುಟ್ಟಿ ನೋಡಿಕೊಂಡು, ಬಾಗಿಲು ತೆಗೆದರು. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ನನ್ನನ್ನು ಬಾ ಎನ್ನಲಿಲ್ಲ. ಬಾಗಿಲು ಬಡಿಯಲೂ ಇಲ್ಲ, ಮೆಲ್ಲಗೆ ಎಳೆದುಕೊಂಡು ಹೋದರು. ಬಡಿದಿದ್ದರೆ ಚೆನ್ನಾಗಿತ್ತು.

ಆ ದಿನ ಹೇಗೆ ಕಳೆಯಿತೋ ಹೇಳುವುದು ಕಷ್ಟ. ಹನ್ನೊಂದಕ್ಕೆ ಫೋನ್ ಮಾಡಿದೆ, ಸ್ವಿಚ್ ಆಫ್. ಹನ್ನೆರಡಕ್ಕೆ ಮಾಡಿದೆ, ಸ್ವಿಚ್ ಆಫ್. ನೀವು ಕರೆ ಮಾಡಿದ ಚಂದಾದಾರರು ಎಂದು ರೆಕಾರ್ಡಿನ ಹುಡುಗಿ ಪ್ರತಿ ಸಲವೂ ಅದೇ ಇಂಪಿನಲ್ಲಿ ಉಲಿಯುತ್ತಿದ್ದಳು. ನಾನೂ ಒಂದು ಕಾಲಕ್ಕೆ ಹಾಗೇ ಉಲಿಯುತ್ತಿದ್ದವಳು, ಆದರೂ ಅವಳ ಮೇಲೆ ಉರಿದುಬಿದ್ದೆ. ಊಟಕ್ಕೆಂದು ಕೆಳಗೆ ಇಳಿದರೆ ಕೌಂಟರಿನ ಹುಡುಗಿ, "ಸರ್ ಎಲ್ಲಿ ಮೇಡಂ? ನಿಮ್ಮ ಕಥೆ ನಮ್ಮಮ್ಮನಿಗೆ ಹೇಳ್ದೆ, ಕಣ್ಣಲ್ಲಿ ನೀರು ಹಾಕ್ಕೊಂಡ್ರು" ಎಂದಳು. ಊಟ ಬೇಡವೆನಿಸಿ ಮತ್ತೆ ಮೇಲೆ ಹತ್ತಿದೆ.

ಕಿಟಕಿಯ ಬಳಿ ನಿಂತೆ. ಎದುರಿನ ಮೊಬೈಲ್ ಅಂಗಡಿಯಲ್ಲಿ ಜನ ಬರುತ್ತಿದ್ದರು, ಹೋಗುತ್ತಿದ್ದರು. ನಾನು ಹೆದರಿದ್ದು ಅವರು ಬಿಟ್ಟುಹೋಗುತ್ತಾರೆಂದಲ್ಲ. ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುತ್ತಾರೆ, ಮಾತ್ರೆ ಯಾವುದು ಯಾವ ಹೊತ್ತಿಗೆಂದು ಕೂಡ ಗೊತ್ತಿಲ್ಲ. ನನಗೆ ಗೊತ್ತಿದ್ದ ಭಯ ಬೇರೆ. ಈ ಮನುಷ್ಯ ಒಮ್ಮೆ ಮಾತು ಬಿಟ್ಟರೆ ಮೂವತ್ತಾರು ವರ್ಷ ಬಿಡಬಲ್ಲರು. ನನಗೆ ಇನ್ನು ಅಷ್ಟು ವರ್ಷ ಎಲ್ಲಿದೆ?

ನಾಲ್ಕು ಗಂಟೆಯ ಹೊತ್ತಿಗೆ ನನ್ನ ಮೊಬೈಲ್ ಬಡಿದುಕೊಂಡಿತು. ಸೋದರಳಿಯನ ನಂಬರು. ಎತ್ತಿ, "ಹೇಳಪ್ಪ, ಬಂದ್ರಾ ಮಾವ?" ಎಂದೆ.

"ಅಪ್ಪ ಅಲ್ಲ, ಅಮ್ಮ" ಎಂದಿತು ಒಂದು ಮುದಿ ದನಿ. ಕಿವಿ ಮಂದವಾದವರು ಮಾತನಾಡುವ ಹಾಗೆ ಜೋರಾಗಿ. "ಆವತ್ತು ಕೀ ಇಲ್ಲೇ ಇದೆ ಅಂದೋಳು ನೀನೇನಾ?"

ಮಂಚದ ಮೇಲೆ ಕೂತೆ. "ನಾನೇ."

"ಹೂಂ. ದನಿ ಹಾಗೇ ಇದೆ. ಎಷ್ಟು ವರ್ಷ ಶಾಪ ಹಾಕಿದ್ದೀನಿ ಆ ದನಿಗೆ, ಗೊತ್ತಾ? ಔಷಧಿ ಅಂಗಡಿ ಫೋನಲ್ಲಿ, ಹತ್ತು ಜನದ ಮುಂದೆ ನಿಂತಿದ್ದೆ. ಕಾಗದ ಬರೆದು ಕರೆದು, ಇವನು ಊರು ಸುತ್ತೋಕೆ ಹೋಗಿದ್ದಾನೆ ಅಂತ ಹೊಟ್ಟೆ ಉರ್ಕೊಂಡು ಮನೆಗೆ ಬಂದೆ."

"ತಪ್ಪಾಯ್ತು" ಎಂದೆ. ಬೇರೇನು ಹೇಳಲಿ?

"ತಪ್ಪೇ. ನಿನ್ನ ಮೇಲೆ ನನಗೆ ಸಿಟ್ಟಿದೆ, ಇಲ್ಲ ಅಂತ ಸುಳ್ಳು ಹೇಳಲ್ಲ." ಉಸಿರು ಎಳೆದುಕೊಳ್ಳಲು ನಿಲ್ಲಿಸಿದಳು. ಆ ಉಸಿರು ನನಗೆ ಕೇಳಿಸಿತು, ಸುಲಭದ ಉಸಿರಲ್ಲ. "ಆದ್ರೆ ನೀನು ಒಂದು ಸಂಜೆ ಲೈನ್ ಕೊಡ್ಲಿಲ್ಲ, ಅಷ್ಟೇ ತಾನೆ? ಮಾರನೇ ದಿನ ಆ ಫೋನು ಅಲ್ಲೇ ಇತ್ತು. ನಾನು ಮಾಡ್ಬಹುದಿತ್ತು, ಮಾಡ್ಲಿಲ್ಲ. ಅವನಿಗೂ ಕೈ ಇತ್ತು, ಅವನೂ ಮಾಡ್ಲಿಲ್ಲ. ಮೂವತ್ತಾರು ವರ್ಷಾನ ಪೂರ್ತಿ ನಿನ್ನೊಬ್ಬಳ ತಲೆಗೆ ಕಟ್ಟೋಕೆ ಹೊರಟ್ರೆ ದೇವರು ಮೆಚ್ಚಲ್ಲ."

ನಾನು ಅಳುತ್ತಿದ್ದೆ. ಸದ್ದಾಗದಂತೆ ಅಳುವುದು ನಮ್ಮ ಕೆಲಸದಲ್ಲಿ ಕಲಿತ ವಿದ್ಯೆ.

"ಆಸ್ಪತ್ರೆಗೆ ಬಂದಾಗಿಂದ ನನ್ನ ಕೈ ಹಿಡ್ಕೊಂಡು ಕೂತಿದ್ದಾನೆ, ಬಿಡ್ತಾನೇ ಇಲ್ಲ. ನರ್ಸು ಬಂದು ರಕ್ತ ತಗೋಬೇಕು ಅಂದ್ರೆ ಇನ್ನೊಂದು ಕೈ ತಗೋ ಅಂತಾನೆ. ಚೆನ್ನಾಗಿ ದುಂಡಗಾಗಿದ್ದಾನೆ. ನಿನ್ನ ಜೊತೆ ಮಾತ್ರ ಮಾತಾಡಲ್ವಂತೆ. ಇನ್ನು ಜನ್ಮದಲ್ಲಿ ಮಾತಾಡಲ್ಲ ಅಂತ ಮೂರು ಸಲ ಹೇಳ್ದ. ನಾನಂದೆ, ನೋಡಪ್ಪ, ಈ ಆಟದಲ್ಲಿ ಸೋಲದೇ ಇದ್ದೋಳು ನಾನು. ಗೆದ್ದು ನನಗೇನು ಸಿಕ್ತು ಅಂತ ಕೇಳು. ನಿನ್ನ ಮದುವೆ ನೋಡ್ಲಿಲ್ಲ, ನಿನ್ನ ಮಗಳನ್ನ ಎತ್ಲಿಲ್ಲ, ನಿಮ್ಮ ಭಾವ ಹೋದಾಗ ಅಳೋಕೆ ನನ್ನ ಪಕ್ಕ ತಮ್ಮ ಇರ್ಲಿಲ್ಲ. ನೀನೂ ಅದೇ ಆಡ್ತೀಯಾ ಅಂದೆ."

ಹಿಂದಿನಿಂದ ಏನೋ ಗೊಣಗುವ ಸದ್ದು ಕೇಳಿಸಿತು. ಆ ಗೊಣಗು ನನಗೆ ಗೊತ್ತು.

"ಏನೋ? ಜೋರಾಗಿ ಹೇಳು. ಏನು, ಬಿಳಿ ಮಾತ್ರೆ ಡಬ್ಬಿನಾ?" ಎಂದು ಅಕ್ಕ ಆ ಕಡೆ ತಿರುಗಿ ಕೂಗಿದಳು. ಮತ್ತೆ ನನಗೆ: "ಬಿಳಿ ಮಾತ್ರೆ ಅಲ್ಲೇ ಮರೆತು ಬಂದಿದ್ದಾನಂತೆ. ತರೋಕೆ ಅವಳಿಗೆ ಹೇಳು ಅಂತಿದ್ದಾನೆ. ಮಾತಾಡಲ್ಲ ಅಂದೋನು! ನೀನೇ ಹೇಳೋ ಅಂದ್ರೆ ಗೋಡೆ ಕಡೆ ತಿರುಗಿ ಕೂತ. ನಾನೇನು ನಿಮ್ಮಿಬ್ಬರ ಆಪರೇಟರಾ?"

ಅಳುವಿನ ನಡುವೆ ನನಗೆ ನಗು ಬಂದುಬಿಟ್ಟಿತು.

"ನಗ್ಬೇಡ. ನೀನು ಬಾ, ಇವತ್ತೇ ಬಾ. ಫೋನಲ್ಲಿ ಬೈದ್ರೆ ನನಗೆ ಸಮಾಧಾನ ಆಗಲ್ಲ, ಮುಖ ನೋಡಿ ಬೈಬೇಕು. ಸೋಮವಾರದ ಮೇಲೆ ನನಗೆ ಬಾಯಿ ಇರುತ್ತೋ ಇಲ್ವೋ ಯಾರು ಕಂಡ್ರು? ಲೈನಲ್ಲಿ ಇದ್ದೀಯಾ?"

ಇಷ್ಟು ವರ್ಷ ಅವಳು ನನಗೆ ಫೋನಿನ ಆ ಕಡೆಯ ಒಬ್ಬ ಹೆಂಗಸು. ಗಂಡನ ಅಕ್ಕನನ್ನು ಏನೆಂದು ಕರೆಯಬೇಕೋ ಹಾಗೆ ಒಮ್ಮೆಯೂ ಕರೆಯುವ ಯೋಗ ಬಂದಿರಲಿಲ್ಲ.

"ಇದ್ದೀನಿ ಅತ್ತಿಗೆ" ಎಂದೆ. "ಐದು ಗಂಟೆ ಬಸ್ಸಿಗೆ ಬರ್ತೀನಿ."

"ಬಾ" ಎಂದು ಇಟ್ಟಳು.

ಮಾತ್ರೆ ಡಬ್ಬಿ, ಅವರ ಇನ್ನೊಂದು ಅಂಗಿ, ಫೋನಿನ ಚಾರ್ಜರು, ಎಲ್ಲಾ ಕೈಗೆ ಸಿಕ್ಕ ಹಾಗೆ ಚೀಲಕ್ಕೆ ತುಂಬಿದೆ. ಲಿಫ್ಟಿಗೆ ಕಾಯದೆ ಮೆಟ್ಟಿಲಲ್ಲೇ ಇಳಿದ ನನ್ನನ್ನು ನೋಡಿ ಕೌಂಟರಿನ ಹುಡುಗಿ, "ಇನ್ನೂ ಒಂದು ದಿನ ಇತ್ತಲ್ಲ ಮೇಡಂ, ಏನಾದ್ರೂ ತೊಂದ್ರೆ ಆಯ್ತಾ?" ಎಂದು ಗಾಬರಿಯಾದಳು. ಇಲ್ಲಮ್ಮ ಎಂದು ಕೈಬೀಸಿ ಬಸ್ ನಿಲ್ದಾಣದ ಕಡೆ ಓಡುವ ಹಾಗೆ ನಡೆದೆ. ಬೈಸಿಕೊಳ್ಳುವುದಕ್ಕೆ ಇಷ್ಟು ಅವಸರದಲ್ಲಿ ಯಾರೂ ಹೋಗಿರಲಿಕ್ಕಿಲ್ಲ.